ದೂರು ಕೊಟ್ಟವಳಿಗೇ ಮನೋವೈದ್ಯರ ಪರೀಕ್ಷೆ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಕೋರ್ಟಿಗೆ ಹೋದ ಮಹಿಳೆಯನ್ನೇ ಮನೋವೈದ್ಯರ ಪರೀಕ್ಷೆಗೆ ಕಳಿಸುತ್ತಾರಂತೆ. ಪರೀಕ್ಷೆ ಮಾಡಬೇಕಾದ್ದು ಕಿರುಕುಳ ಕೊಟ್ಟವನನ್ನಲ್ಲವೇ?

ಉತ್ತರ: ನೀವು ಕೇಳಿದ್ದು ನಿಜ. ಆದರೆ ಎಲ್ಲ ಮೊಕದ್ದಮೆಗಳಲ್ಲೂ ಹಾಗೆ ಆಗುವುದಿಲ್ಲ. ಕಿರುಕುಳ ನಡೆಯಿತೇ ಇಲ್ಲವೇ ಎಂಬುದನ್ನು ಯಾವ ಮನೋವೈದ್ಯರೂ ಹೇಳಲಾರರು. ಅದು ಸಾಕ್ಷಿಗಳನ್ನು ಕೇಳಿ ಕೋರ್ಟು ತೀರ್ಮಾನಿಸಬೇಕಾದ ಮಾತು. ಮನಸ್ಸಿಗೆ ಎಷ್ಟು ಪೆಟ್ಟಾಗಿದೆ, ಅದು ಎಲ್ಲಿಂದ ಬಂತು ಎಂಬಷ್ಟನ್ನೇ ವೈದ್ಯರು ಹೇಳಬಲ್ಲರು.

ಅಲ್ಲಿನ ಉದ್ಯೋಗ ತಾರತಮ್ಯ ಕಾನೂನಿನಡಿ ಮನಸ್ಸಿನ ನೋವಿಗೆ ಹಣದ ಪರಿಹಾರ ಕೇಳಲು ದಾರಿಯಾದದ್ದು 1991ರ ತಿದ್ದುಪಡಿಯಿಂದ. ಕಂಪನಿಯ ಗಾತ್ರ ನೋಡಿ ಗರಿಷ್ಠ 3 ಲಕ್ಷ ಡಾಲರ್ ಎಂದು ಮಿತಿಯನ್ನೂ ಹಾಕಿದರು. ಹಣದ ಮಾತು ಬಂದಕೂಡಲೇ ಕಂಪನಿಯ ವಕೀಲರು ಪುರಾವೆ ಕೇಳುತ್ತಾರೆ. ಫೆಡರಲ್ ಸಿವಿಲ್ ನಿಯಮಾವಳಿಯ 35ನೇ ನಿಯಮದ ಪ್ರಕಾರ, ಮನಸ್ಥಿತಿಯೇ ವಿವಾದದ ವಿಷಯವಾಗಿದ್ದರೆ ಮತ್ತು ತಕ್ಕ ಕಾರಣವಿದ್ದರೆ ಮಾತ್ರ ನ್ಯಾಯಾಧೀಶರು ಪರೀಕ್ಷೆಗೆ ಆದೇಶಿಸಬಹುದು. ಯಾರಿಗಾದರೂ ಆಗುವಂಥ ಸಂಕಟ, ಅವಮಾನವನ್ನಷ್ಟೇ ಹೇಳಿಕೊಂಡವಳಿಗೆ ಅನೇಕ ಕೋರ್ಟುಗಳು ಪರೀಕ್ಷೆ ಬೇಡವೆನ್ನುತ್ತವೆ. ಖಿನ್ನತೆ, ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮನೋವ್ಯಾಧಿ) ಇಂಥ ಕಾಯಿಲೆಯೇ ಬಂತು ಎಂದವಳಿಗೆ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ.

ಈ ವೈದ್ಯರು ಚಿಕಿತ್ಸೆ ಕೊಡುವ ವೈದ್ಯರಲ್ಲ. ತಾನು ಔಷಧಿ ಕೊಡಲು ಬಂದಿಲ್ಲ, ನೀವು ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ ಎಂದು ಮೊದಲೇ ತಿಳಿಸುವುದು ಅವರ ಕರ್ತವ್ಯ. ಆಮೇಲೆ ಗಂಟೆಗಟ್ಟಲೆ ಮಾತು, ಲಿಖಿತ ಪರೀಕ್ಷೆಗಳು, ಹಳೆಯ ಆಸ್ಪತ್ರೆ ದಾಖಲೆಗಳು, ರಜೆಯ ಲೆಕ್ಕ, ಕಚೇರಿಯ ಪತ್ರಗಳು. ಘಟನೆಗೆ ಮುಂಚೆ ಆಕೆ ಹೇಗಿದ್ದಳು, ಆಮೇಲೆ ಹೇಗಾದಳು ಎಂಬುದೇ ಮುಖ್ಯ ಪ್ರಶ್ನೆ. ಕೋರ್ಟಿನ ಅಲೆದಾಟವೇ ತಂದ ಬಳಲಿಕೆಯನ್ನೂ ಬೇರೆಯಾಗಿ ಗುರುತಿಸಬೇಕಾಗುತ್ತದೆ.

ನಿಮ್ಮ ಪ್ರಶ್ನೆಯ ಹಿಂದಿರುವ ಸಿಟ್ಟು ನ್ಯಾಯವಾದದ್ದೇ. ಮಿನ್ನೆಸೋಟದ ಎವೆಲೆತ್ ಕಬ್ಬಿಣದ ಗಣಿಯಲ್ಲಿ 1975ರಲ್ಲಿ ಕೆಲಸಕ್ಕೆ ಸೇರಿದ ಲೋಯಿಸ್ ಜೆನ್ಸನ್ 1984ರಲ್ಲಿ ದೂರು ಕೊಟ್ಟರು. ಲೈಂಗಿಕ ಕಿರುಕುಳದ ವಿರುದ್ಧ ಹಲವು ಮಹಿಳೆಯರ ಪರವಾಗಿ ಒಟ್ಟಾಗಿ ನಡೆಯಲು ಒಪ್ಪಿಗೆ ಪಡೆದ ಅಮೆರಿಕದ ಮೊದಲ ಮೊಕದ್ದಮೆ ಅದು. 1993ರಲ್ಲಿ ಕಂಪನಿಯೇ ಹೊಣೆ ಎಂದು ತೀರ್ಪಾಯಿತು. ನಿಜವಾದ ಹಿಂಸೆ ಶುರುವಾದದ್ದು ಪರಿಹಾರ ಎಷ್ಟು ಎಂಬ ಹಂತದಲ್ಲಿ. ಆ ಹೆಂಗಸರ ಬಾಲ್ಯ, ಸಂಸಾರ, ಹಳೆಯ ಕಾಯಿಲೆ ಎಲ್ಲವನ್ನೂ ವಕೀಲರು ಕೆದಕಿದರು. ಅವರ ನೋವಿಗೆ ಗಣಿಯಲ್ಲ, ಅವರ ಬದುಕೇ ಕಾರಣ ಎಂಬುದು ವಾದ. 1996ರಲ್ಲಿ ಅಲ್ಪ ಪರಿಹಾರವಷ್ಟೇ ಸಿಕ್ಕಿತು. ಮರುವರ್ಷ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿ ಹೊಸ ವಿಚಾರಣೆಗೆ ಹೇಳಿತು. 1998ರ ಕೊನೆಗೆ 35 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ದೂರು ಕೊಟ್ಟು 14 ವರ್ಷ ಕಳೆದಿತ್ತು.

ಮುಂಚೆಯೇ ನೊಂದಿದ್ದವಳಿಗೆ ಮತ್ತೆ ಪೆಟ್ಟು ಕೊಟ್ಟರೆ ಆ ಹೊಸ ಪೆಟ್ಟಿಗೆ ಕೊಟ್ಟವನೇ ಹೊಣೆ. ಮೊಟ್ಟೆಯ ಚಿಪ್ಪಿನಷ್ಟು ತೆಳು ತಲೆಬುರುಡೆಯವನಿಗೆ ಹೊಡೆದವನು ‘ಗಟ್ಟಿ ತಲೆಯಾಗಿದ್ದರೆ ಒಡೆಯುತ್ತಿರಲಿಲ್ಲ’ ಎಂದು ಪಾರಾಗುವಂತಿಲ್ಲ ಎಂಬುದು ಅಲ್ಲಿನ ಹಳೆಯ ಕಾನೂನು ತತ್ವ. ಹಾಗಿರುವಾಗ ಹಳೆಯ ಗಾಯವನ್ನೇ ಆಕೆಯ ವಿರುದ್ಧ ಬಳಸುವುದು ಅನ್ಯಾಯವೆಂದೇ ನಾನು ನಂಬುತ್ತೇನೆ. 1994ರಿಂದ ಇಂಥ ಸಿವಿಲ್ ಮೊಕದ್ದಮೆಗಳಲ್ಲೂ ದೂರುದಾರಳ ಲೈಂಗಿಕ ಗತಜೀವನವನ್ನು ಸಾಕ್ಷ್ಯವಾಗಿ ತರುವುದಕ್ಕೆ ಕಟ್ಟುನಿಟ್ಟಿನ ತಡೆಯಿದೆ. ಪರೀಕ್ಷಿಸುವ ವೈದ್ಯರೂ ಅದೇ ಅಂಕೆಯಲ್ಲಿರಬೇಕು.

ಇನ್ನೊಂದನ್ನು ಮರೆಯಬೇಡಿ: ಕಿರುಕುಳ ಸಾಬೀತಾಗಲು ಹುಚ್ಚು ಹಿಡಿಯಬೇಕಿಲ್ಲ. ಟೆನೆಸೀಯ ತೆರೇಸಾ ಹ್ಯಾರಿಸ್ ಅವರ ಮನಸ್ಸಿಗೆ ಗಂಭೀರ ಹಾನಿಯಾಗಿಲ್ಲವೆಂದು ಕೆಳಗಿನ ಕೋರ್ಟುಗಳು ದಾವೆ ತಳ್ಳಿದ್ದವು. 1993ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ಒಪ್ಪಲಿಲ್ಲ. ಸಾಮಾನ್ಯ ವಿವೇಕದವರಿಗೂ ಆಕೆಗೂ ಆ ವಾತಾವರಣ ನಿಂದನೆಯದೆನಿಸಿದರೆ ಸಾಕು, ಮನಸ್ಸು ಕುಸಿಯುವವರೆಗೆ ಕಾನೂನು ಕಾಯುವುದಿಲ್ಲ ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಬರೆದರು.

ಇನ್ನು ಭಾರತದ ಮಾತು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ನಮ್ಮ 2013ರ ಕಾಯಿದೆಯ 15ನೇ ಸೆಕ್ಷನ್ ಪರಿಹಾರ ನಿಗದಿಗೆ ಮಾನಸಿಕ ಆಘಾತ, ಯಾತನೆ, ಕೈತಪ್ಪಿದ ಅವಕಾಶ, ಮನೋವೈದ್ಯಕೀಯ ಚಿಕಿತ್ಸೆಯ ಖರ್ಚು ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಲು ಹೇಳುತ್ತದೆ. ದೂರುದಾರಳು ಮನೋವೈದ್ಯರ ಮುಂದೆ ಹಾಜರಾಗಲೇಬೇಕೆಂದು ಅದರಲ್ಲಿ ಎಲ್ಲೂ ಇಲ್ಲ. ನಿಮ್ಮ ಪರಿಚಯದ ಯಾರಾದರೂ ಈ ಸಂಕಟದಲ್ಲಿದ್ದರೆ ಚಿಕಿತ್ಸೆಯ ಚೀಟಿ, ಬಿಲ್ಲುಗಳನ್ನು ಜೋಪಾನವಾಗಿಡಲು ಹೇಳಿ. ಕೇಸಿಗೆ ತೊಂದರೆಯಾದೀತೆಂಬ ಭಯದಿಂದ ಡಾಕ್ಟರ ಹತ್ತಿರ ಹೋಗುವುದನ್ನಂತೂ ನಿಲ್ಲಿಸಬಾರದು.