ಮಕ್ಕಳ ಡೆಂಗೀ ಜ್ವರ: ಮೈಶಾಖ ಇಳಿದಾಗ ಎಚ್ಚರ

ಮಗುವಿಗೆ ಜ್ವರ ಬಂದಾಗ ತಾಯಿತಂದೆಯರು ಗಾಬರಿಗೊಳ್ಳುವುದೂ, ಮೈ ತಣ್ಣಗಾದೊಡನೆ ನೆಮ್ಮದಿ ತಾಳುವುದೂ ಸಹಜ. ಆದರೆ ಡೆಂಗೀ ಜ್ವರದಲ್ಲಿ ಈ ನೆಮ್ಮದಿಯೇ ಅಪಾಯಕರವಾಗಬಹುದು. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಈ ರೋಗವು ಮಕ್ಕಳಲ್ಲಿ ಏಕೆ ಮತ್ತು ಯಾವಾಗ ವಿಷಮಿಸುತ್ತದೆ ಎಂಬುದನ್ನು ದಂಪತಿಗಳು ತಿಳಿದಿರುವುದು ಅವಶ್ಯಕ.

ರೋಗ ವಿಷಮಿಸುವ ಬಗೆ

ರೋಗಾಣುಗಳು ದೇಹವನ್ನು ಹೊಕ್ಕಾಗ ರಕ್ತದಲ್ಲಿ ಪ್ರತಿಕಾಯಗಳೆಂಬ ರಕ್ಷಕ ವಸ್ತುಗಳು ಉತ್ಪತ್ತಿಯಾಗುತ್ತವೆ. ಡೆಂಗೀ ವೈರಾಣುವಿನಲ್ಲಿ 4 ಬಗೆಗಳುಂಟು. ಒಮ್ಮೆ ಬಂದು ಹೋದ ಬಗೆಯು ಸಾಮಾನ್ಯವಾಗಿ ಮತ್ತೆ ಬಾಧಿಸದು. ಆದರೆ ಮುಂದೆ ಬೇರೊಂದು ಬಗೆಯು ತಗುಲಿದಾಗ, ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡರೂ ಅದನ್ನು ನಾಶಪಡಿಸಲಾರದೆ, ಅದು ಬಿಳಿಯ ರಕ್ತಕಣಗಳ ಒಳಹೊಗಲು ನೆರವಾಗಬಹುದು. ಅಲ್ಲಿ ವೈರಾಣು ಹೇರಳವಾಗಿ ವೃದ್ಧಿಯಾಗುತ್ತದೆ. ಅದನ್ನೆದುರಿಸಲು ದೇಹವು ಉರಿಯೂತಕಾರಕ ವಸ್ತುಗಳನ್ನು ಮಿತಿಮೀರಿ ಬಿಡುಗಡೆ ಮಾಡುತ್ತದೆ. ಆಗ ಸಣ್ಣ ರಕ್ತನಾಳಗಳ ಗೋಡೆಗಳು ಸಡಿಲಗೊಂಡು ರಕ್ತದ ದ್ರವಾಂಶ ಹೊರಕ್ಕೆ ಸೋರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಾಯಬೇಕಾದ ಶಕ್ತಿಯೇ ಕೇಡು ಮಾಡುತ್ತದೆ. ಮೊದಲ ಸಲವೇ ರೋಗ ವಿಷಮಿಸುವುದೂ ಉಂಟು.

ತಾಯಿಗೆ ಹಿಂದೆ ಡೆಂಗೀ ಬಂದಿದ್ದರೆ ಆಕೆಯ ಪ್ರತಿಕಾಯಗಳು ಗರ್ಭದಲ್ಲಿಯೇ ಶಿಶುವಿಗೆ ದೊರೆಯುತ್ತವೆ. ಮೊದಲ ಕೆಲವು ತಿಂಗಳು ಅವು ರಕ್ಷಣೆ ನೀಡುತ್ತವೆ. ಕ್ಷೀಣಿಸಿದ ಮೇಲೆ ಇದೇ ರೀತಿಯ ತೊಂದರೆಗೆ ಎಡೆಮಾಡಬಹುದು. ಆದುದರಿಂದ ವರ್ಷ ತುಂಬದ ಕೂಸಿನ ಜ್ವರವನ್ನು ಅಲಕ್ಷಿಸಬಾರದು.

ಕೋವಿಡ್ ತಗುಲಿದ 2ರಿಂದ 6 ವಾರಗಳ ತರುವಾಯ ಕೆಲವೇ ಮಕ್ಕಳಲ್ಲಿ ಹೃದಯವೇ ಮೊದಲಾದ ಹಲವು ಅಂಗಗಳಿಗೆ ಉರಿಯೂತವುಂಟಾದುದು 2020ರಲ್ಲಿ ಗುರುತಿಸಲ್ಪಟ್ಟಿತು. ಅಲ್ಲಿಯೂ ದೇಹದ ರಕ್ಷಣಾಶಕ್ತಿಯು ಹತೋಟಿ ತಪ್ಪಿದುದೇ ಕಾರಣ.

ಅಪಾಯದ ಸೂಚನೆಗಳು

ಜ್ವರ ಆರಂಭವಾದ 3ರಿಂದ 7ನೆಯ ದಿನದೊಳಗೆ, ಮೈಶಾಖ ಇಳಿಯುವ ವೇಳೆಗೆ, ದ್ರವದ ಸೋರಿಕೆ ಸಂಭವಿಸುತ್ತದೆ. ಮುಂದಿನ 24ರಿಂದ 48 ಗಂಟೆಗಳ ಕಾಲ ಈ ಚಿಹ್ನೆಗಳನ್ನು ಗಮನಿಸಿರಿ:

1. ತೀವ್ರ ಹೊಟ್ಟೆನೋವು, ಪದೇ ಪದೇ ವಾಂತಿ
2. ಮೂಗು ಅಥವಾ ವಸಡಿನಲ್ಲಿ ರಕ್ತ, ಕಪ್ಪು ಮಲ
3. ಕೈಕಾಲು ತಣ್ಣಗಾಗುವುದು
4. ಮಂಕು ಕವಿಯುವುದು ಅಥವಾ ಚಡಪಡಿಕೆ
5. 4ರಿಂದ 6 ಗಂಟೆ ಮೂತ್ರವಾಗದಿರುವುದು

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಮಗುವನ್ನು ಆಸ್ಪತ್ರೆಗೆ ಒಯ್ಯಿರಿ. ಬಂಡೂರಿನ ಸುತ್ತಿನವರು ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ದೊರೆಯುತ್ತದೆ. ವೈರಾಣುವನ್ನು ಕೊಲ್ಲುವ ಔಷಧಿ ಇಲ್ಲದಿದ್ದರೂ, ಸಕಾಲದಲ್ಲಿ ತಕ್ಕಷ್ಟು ದ್ರವ ನೀಡುವ ಚಿಕಿತ್ಸೆಯಿಂದ ಬಹುತೇಕ ಎಲ್ಲ ಮಕ್ಕಳೂ ಉಳಿಯುತ್ತಾರೆ.

ಮನೆಯಲ್ಲಿ ಮಾಡಬೇಕಾದುದು

ಗಂಜಿ, ಎಳನೀರು, ಜೀವಜಲವನ್ನು ಆಗಾಗ ಕುಡಿಸಿರಿ, ಎದೆಹಾಲು ನಿಲ್ಲಿಸಬೇಡಿ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ಕೊಡಿರಿ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಸಲ್ಲವು.

ಡೆಂಗೀ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ; ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಕುಡಿದೆಸೆದ ಎಳನೀರು ಬುರುಡೆ, ಹಳೆಯ ಟೈರು, ಕುರಿಗಳಿಗೆ ನೀರಿಡುವ ತೊಟ್ಟಿ ಇವೆಲ್ಲ ಅದರ ತವರು. ವಾರಕ್ಕೊಮ್ಮೆ ತೊಟ್ಟಿಗಳನ್ನು ಬರಿದುಮಾಡಿ, ಉಜ್ಜಿ ಒಣಗಿಸಿರಿ. ಬುರುಡೆಗಳನ್ನು ಮಳೆನೀರು ನಿಲ್ಲದಂತೆ ಸೀಳಿ ಹಾಕಿರಿ.

ನೆನಪಿಡಿ: ಜ್ವರ ಬಿಟ್ಟಿತೆಂದರೆ ರೋಗ ಬಿಟ್ಟಿತೆಂದಲ್ಲ. ಶಾಖ ಇಳಿದ ಎರಡು ದಿನ ಮಗುವಿನ ಬಳಿ ತಂದೆಯೋ ತಾಯಿಯೋ ಸರದಿಯಂತೆ ಇರಲೇಬೇಕು.