ಬುಲ್ಸ್ ಹೆಸರಿನ ಊರಲ್ಲಿ ಒಂದು ಕ್ರಿಕೆಟ್ ಸೀಸನ್

ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ (ಕೆಪಿಎಲ್) ಬಿಜಾಪುರ ಬುಲ್ಸ್ ಎರಡು ಸಲ ಕಪ್ ಗೆದ್ದಿತು. 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ. ನಡುವೆ 2017ರ ಫೈನಲ್‌ನಲ್ಲಿ ಬೆಳಗಾವಿ ಪ್ಯಾಂಥರ್ಸ್ ಎದುರು ಸೋತಿತು. 2014ರ ನವೆಂಬರ್ 1ರಂದು ಊರಿಗೆ ವಿಜಯಪುರ ಎಂಬ ಹೆಸರು ಬಂದ ಮೇಲೂ ತಂಡ ಹಳೆಯ ಹೆಸರಿನಲ್ಲೇ ಆಡಿತು. ಪಂದ್ಯಗಳು ಮಾತ್ರ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಪಾಲಾದವು. ಗೋಳಗುಮ್ಮಟದ ಊರಿನವರು ತಮ್ಮ ತಂಡವನ್ನು ಟಿವಿಯಲ್ಲೇ ನೋಡಿದರು.

ವಿಜಯಪುರ, ತಿಕೋಟಾ, ಬಬಲೇಶ್ವರದ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಲೆದರ್ ಬಾಲ್ ಕ್ರಿಕೆಟ್ ಆಡಿಸುತ್ತ ಬಂದವನು ನಾನು. ವೃತ್ತಿಪರ ತಂಡದ ಸೀಸನ್ ಮೂರು ವಾರದಲ್ಲಿ ಮುಗಿಯುತ್ತದೆ. ಅಲ್ಲಿಗೆ ಏರಬಲ್ಲ ಆಟಗಾರ ತಯಾರಾಗುವ ಸೀಸನ್ ನಮ್ಮಂಥ ಮೈದಾನಗಳಲ್ಲಿ ವರ್ಷವಿಡೀ ನಡೆಯುತ್ತದೆ. ಅದನ್ನು ನಡೆಸುತ್ತ ಕಲಿತದ್ದು ಇಷ್ಟು.

1. ಪಂದ್ಯದ ದಿನ ಗೊತ್ತುಮಾಡುವ ಮುಂಚೆ ತೋಟದ ಕೆಲಸ ವಿಚಾರಿಸಬೇಕು.

ತಿಕೋಟಾ ಭಾಗಕ್ಕೆ ದ್ರಾಕ್ಷಿಯೇ ಜೀವ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದ ಮೇಲೆ ಔಷಧ ಹೊಡೆಯುವ ಗಡಿಬಿಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಟಾವು. ಕಡಿದ ಹಣ್ಣನ್ನು ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡುವ ಕೆಲಸವೂ ಆಗಲೇ. ಆ ದಿನಗಳಲ್ಲಿ ಮೋಡ ಕಟ್ಟಿತೆಂದರೆ ಮನೆಮಂದಿಯೆಲ್ಲ ಶೆಡ್ಡಿನಲ್ಲಿರಬೇಕು. "ಸರ್, ಮಳಿ ಬರೂ ಹಂಗೈತ್ರಿ, ಅಪ್ಪ ಶೆಡ್ಡಿಗೆ ಕರದಾರ್ರಿ" ಎಂದು ಆರಂಭಿಕ ಬ್ಯಾಟರ್ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದರೆ ಅವನನ್ನು ಬಯ್ಯುವ ಹಕ್ಕು ಯಾವ ಕೋಚ್‌ಗೂ ಇಲ್ಲ. ಆ ಮನೆಯ ವರ್ಷದ ದುಡಿಮೆ ಬಲೆಯ ಮೇಲೆ ಬಿದ್ದಿರುತ್ತದೆ. ಬಬಲೇಶ್ವರದ ಕಡೆ ಕಬ್ಬು, ಬಿಳಿಜೋಳದ ಲೆಕ್ಕವೂ ಇದೆ.

ಹೀಗಾಗಿ ನಮ್ಮ ಮುಖ್ಯ ಪಂದ್ಯಗಳನ್ನು ಡಿಸೆಂಬರ್ ಮೊದಲ ವಾರದಿಂದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ತನಕ ಇಟ್ಟುಕೊಳ್ಳುತ್ತೇವೆ. ಎರಡನೆಯ ಸುತ್ತು ಜೂನ್, ಜುಲೈನಲ್ಲಿ. ಸೆಪ್ಟೆಂಬರ್ ನಮ್ಮಲ್ಲಿ ದೊಡ್ಡ ಮಳೆಯ ತಿಂಗಳು, ಆಗ ಮೈದಾನದ ಆಸೆ ಬಿಡಬೇಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಎಂಟೂವರೆಯ ಆಚೆಗೆ ಅಭ್ಯಾಸ ಬೇಡ.

2. ಮ್ಯಾಟ್ ಹಾಸುವುದನ್ನು ಆಟಗಾರರೇ ಕಲಿಯಬೇಕು.

ನಮ್ಮದು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕಿಗೆ ಅದೇ ಮಣ್ಣನ್ನು ಜರಡಿ ಹಿಡಿದು ತುಂಬಬೇಕು. ಹಿಂದಿನ ಸಂಜೆ ನೀರು ಬಿಟ್ಟು, ಬೆಳಿಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮಣ್ಣು ಬೆರಳಿಗೆ ಅಂಟದೆ ಅಚ್ಚು ಮಾತ್ರ ಮೂಡಿದರೆ ರೋಲರ್ ಎಳೆಯುವ ಹೊತ್ತು ಬಂತೆಂದು ಅರ್ಥ. ಆಮೇಲೆ ಮ್ಯಾಟ್ ಹಾಸಿ ನಾಲ್ಕೂ ಕಡೆ ಜಗ್ಗಿ ಮೊಳೆ ಹೊಡೆಯಬೇಕು. ಗುಡ್ ಲೆಂಗ್ತ್ ಬೀಳುವ ಜಾಗದಲ್ಲಿ ಒಂದು ಸುಕ್ಕು ಉಳಿದರೂ ಚೆಂಡು ಅಲ್ಲಿಂದ ನೇರ ಗದ್ದಕ್ಕೆ ಬರುತ್ತದೆ. ಈ ಕೆಲಸವನ್ನು ಕೂಲಿ ಆಳಿಗೆ ಒಪ್ಪಿಸಿದ ತಂಡಕ್ಕೆ ತನ್ನ ಪಿಚ್ಚಿನ ಗುಣ ಗೊತ್ತಿರುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಹುಬ್ಬಳ್ಳಿಯಂಥ ಊರಿಗೆ ಹೋಗಿ ಟರ್ಫ್ ಮೇಲೆ ಆಡುವಾಗ ಎದುರಾಗುತ್ತದೆ. ಮ್ಯಾಟ್ ಮೇಲೆ ಚೆಂಡು ಸೊಂಟದೆತ್ತರಕ್ಕೆ ಏಳುವುದರಿಂದ ನಮ್ಮ ಬ್ಯಾಟರ್‌ಗಳಿಗೆ ಹಿಂಗಾಲಿನ ಮೇಲೆ ಆಡುವುದು ಮೈಗೂಡಿರುತ್ತದೆ. ಟರ್ಫ್ ಮೇಲೆ ಅದೇ ಲೆಂಗ್ತಿನ ಚೆಂಡು ಮೊಣಕಾಲಿನ ಕೆಳಗೇ ಉಳಿಯುತ್ತದೆ. ಎಲ್‌ಬಿಡಬ್ಲ್ಯು ಇಲ್ಲವೇ ಬೌಲ್ಡ್. ಹೊರಗಿನ ಟೂರ್ನಿಗೆ ಎರಡು ವಾರ ಮುಂಚೆ ನಾನು ಮ್ಯಾಟ್ ಸುತ್ತಿ ಇಡಿಸುತ್ತೇನೆ. ರೋಲರ್ ಎಳೆದ ಬರಿ ಮಣ್ಣಿನ ಮೇಲೆ, ಮುಂಗಾಲು ಚಾಚಿ ಆಡುವುದಷ್ಟೇ ಅಭ್ಯಾಸ. ಇದರಿಂದ ಆಗುವ ಲಾಭವನ್ನು ಕಣ್ಣಾರೆ ಕಂಡಿದ್ದೇನೆ.

3. ಸೋಲಿಗೆ ಅಂಜುವ ತಂಡ ಉಳಿಯುವುದಿಲ್ಲ.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ಒಂದೇ ಸೀಸನ್ನಿನಲ್ಲಿ 162 ಪಂದ್ಯ ಆಡುತ್ತದೆ. ಅದರಲ್ಲಿ 100 ಗೆದ್ದ ತಂಡವನ್ನು ಅಲ್ಲಿಯವರು ಹಾಡಿ ಹೊಗಳುತ್ತಾರೆ. ಆ ತಂಡವೂ 62 ಪಂದ್ಯ ಸೋತಿರುತ್ತದೆ. ಇದನ್ನು ಹೇಳಿದಾಗ ನಮ್ಮ ಹುಡುಗರ ಕಣ್ಣು ಅಗಲವಾಗುತ್ತದೆ. ಕೆಪಿಎಲ್‌ನಲ್ಲಿ ಏಳು ತಂಡಗಳಿದ್ದಾಗ ಲೀಗ್ ಹಂತದಲ್ಲಿ ಒಬ್ಬೊಬ್ಬರಿಗೆ ಸಿಗುತ್ತಿದ್ದುದು ಆರೇ ಪಂದ್ಯ. ಎರಡು ಸೋತರೆ ಜೀವ ಬಾಯಿಗೆ ಬರುತ್ತಿತ್ತು. ನಮ್ಮ ಹಳ್ಳಿಯ ಟೂರ್ನಿಗಳು ಇನ್ನೂ ಕಠಿಣ. ಸೋತರೆ ಮನೆಗೆ. ಹೀಗಾದರೆ ಹುಡುಗನಿಗೆ ತಿದ್ದಿಕೊಳ್ಳಲು ಎಡೆಯೆಲ್ಲಿ? ಅದಕ್ಕೇ ನಾವು ನಾಕೌಟ್ ಬಿಟ್ಟು ಲೀಗ್ ಮಾದರಿ ಹಿಡಿದೆವು. ನಾಲ್ಕೇ ತಂಡ ಸೇರಿದರೂ ಸರಿ, ಎಲ್ಲರೂ ಎಲ್ಲರೊಂದಿಗೆ ಎರಡೆರಡು ಸಲ ಆಡಬೇಕು. ಭಾನುವಾರ ಸೊನ್ನೆಗೆ ಔಟಾದವನಿಗೆ ಮುಂದಿನ ಭಾನುವಾರ ಮತ್ತೆ ಬ್ಯಾಟು ಸಿಗಬೇಕು.

4. ಹೊರಗೆ ಕೂತವರನ್ನು ಬೆಚ್ಚಗಿಡಬೇಕು.

ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್‌ನ ಮೊದಲ ಆರು ಪಂದ್ಯಗಳಲ್ಲಿ ಅಂಗಳಕ್ಕಿಳಿಯಲಿಲ್ಲ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು ಏಳನೇ ಪಂದ್ಯ. ಗೆದ್ದವರಿಗೆ ಸೆಮಿಫೈನಲ್. ಅಂದು ಅವಕಾಶ ಸಿಕ್ಕಿತು, ಈ ಎಡಗೈ ಸ್ಪಿನ್ನರ್ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಆರು ಪಂದ್ಯ ಕಾಯ್ದರೂ ಅವರ ಲೈನ್ ಕೆಟ್ಟಿರಲಿಲ್ಲ.

ನಮ್ಮ ಹನ್ನೆರಡನೆಯವ, ಹದಿಮೂರನೆಯವ ನೀರಿನ ಬಾಟಲಿ ಹೊರುವುದಕ್ಕೆಂದೇ ಬಂದವರಲ್ಲ. ಪಂದ್ಯದ ದಿನವೂ ಅವರಿಗೆ ಬದಿಯಲ್ಲಿ ಒಂದೇ ಸ್ಟಂಪ್ ನೆಟ್ಟು ಬೌಲಿಂಗ್ ಮಾಡಿಸುತ್ತೇವೆ. ಸ್ಕೋರ್ ಪುಸ್ತಕ ಬರೆಯುವುದೂ ಅವರೇ. ಯಾರು ಎಲ್ಲಿ ಔಟಾಗುತ್ತಾರೆಂದು ಬರೆದವನಿಗೆ ತಿಳಿದಷ್ಟು ಕ್ಯಾಪ್ಟನ್‌ಗೂ ತಿಳಿದಿರುವುದಿಲ್ಲ.

5. ವೇಗಿಗಳನ್ನು ಟೆನಿಸ್ ಬಾಲ್ ಟೂರ್ನಿಗಳಿಂದ ಕಾಯಬೇಕು.

ಶನಿವಾರ ರಾತ್ರಿ ಹೊನಲು ಬೆಳಕಿನಲ್ಲಿ ಯಾವುದೋ ಕಪ್ಪಿಗೆ ಜೀವ ಬಿಟ್ಟು ಎಸೆದ ಹುಡುಗ ಭಾನುವಾರ ಬೆಳಿಗ್ಗೆ ಲೆದರ್ ಬಾಲ್ ಹಿಡಿದರೆ ಭುಜ, ಸೊಂಟ ಎರಡೂ ಹೋಗುತ್ತವೆ. ಹದಿನೈದರೊಳಗಿನ ವೇಗಿಗೆ ನಮ್ಮಲ್ಲಿ ಒಂದು ಸ್ಪೆಲ್‌ಗೆ ಐದೇ ಓವರ್. ಸೀಸನ್ನಿನಲ್ಲಿ ಟೆನಿಸ್ ಬಾಲ್ ಪೂರ್ತಿ ಬಂದ್.

6. ಬೆಟ್ಟಿಂಗ್ ಮಾತನ್ನು ಬಾಯಿಬಿಟ್ಟು ಆಡಬೇಕು.

2019ರ ಸೀಸನ್ನಿನ ಬೆನ್ನಿಗೇ ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರಿನಲ್ಲಿ ಬಂಧನಗಳಾದವು. ಕೆಪಿಎಲ್‌ಗೆ ಅದೇ ಕೊನೆಯ ಸೀಸನ್. ಗುರುತಿಲ್ಲದವರು ಫೋನ್ ಮಾಡಿ ಪಂದ್ಯದ ಸುದ್ದಿ ಕೇಳಿದರೆ ಅಂದೇ ನನಗೆ, ಮನೆಯವರಿಗೆ ತಿಳಿಸಬೇಕೆಂದು ಹುಡುಗರಿಗೆ ಖಡಕ್ಕಾಗಿ ಹೇಳಿದ್ದೇನೆ.

7. ಹುಡುಗಿಯರ ಮನೆಗೆ ಕೋಚ್ ತಾನೇ ಹೋಗಬೇಕು.

ಅವ್ವ, ಅಪ್ಪ, ಅಜ್ಜಿ ಎಲ್ಲರ ಎದುರು ಕೂತು ಯಾವ ಹೊತ್ತಿಗೆ ಕರೆದೊಯ್ಯುತ್ತೇವೆ, ಯಾವ ಬಸ್ಸಿಗೆ ವಾಪಸ್ ಕಳಿಸುತ್ತೇವೆ, ಜೊತೆಗೆ ಯಾವ ಹೆಣ್ಣುಮಗಳು ಇರುತ್ತಾಳೆ ಎಂದು ಹೇಳಬೇಕು. ವಿಶ್ವಕಪ್ ಆಡಿ ಬಂದ ರಾಜೇಶ್ವರಿಯವರಿಗೆ 2017ರಲ್ಲಿ ಕಾರಿನ ಕೊಡುಗೆ ಬಂದಾಗ, ಕಾರಿಗಿಂತ ಕುಟುಂಬಕ್ಕೊಂದು ಮನೆ ಬೇಕು ಎಂದರು. ದೇಶಕ್ಕಾಗಿ ಆಡಿದವರ ಮನೆಯ ಪರಿಸ್ಥಿತಿ ಅದಾಗಿತ್ತು. ಬೂಟು, ಪ್ಯಾಡಿನ ಖರ್ಚನ್ನು ಬಡ ಮನೆಯ ಮೇಲೆ ಹೇರಿದರೆ ಮಗಳ ಆಟ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಕಿಟ್ ತಂಡದ್ದು, ಬಸ್ ಚಾರ್ಜೂ ತಂಡದ್ದೇ.

8. ಪಂದ್ಯ ಊರಲ್ಲಿ ನಡೆಯಬೇಕು.

2022ರಲ್ಲಿ ಕೆಪಿಎಲ್ ಜಾಗಕ್ಕೆ ಮಹಾರಾಜ ಟ್ರೋಫಿ ಶುರುವಾದಾಗ ಆರು ತಂಡಗಳಾದವು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ. ಎರಡು ಸಲ ಕಪ್ ಗೆದ್ದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ನನಗೆ ಆ ನೋವು ಇನ್ನೂ ಇದೆ. ಆದರೆ ತಂಡದ ಹೆಸರು ಹರಾಜಿನಲ್ಲಿ ಸಿಗುತ್ತದೆ, ಆಟಗಾರರನ್ನು ಊರೇ ಬೆಳೆಸಬೇಕು. ಡಿಸೆಂಬರ್‌ನಲ್ಲಿ ಬಬಲೇಶ್ವರದಲ್ಲಿ ಪಂದ್ಯವಿದ್ದರೆ ಬಂಡಿ, ಟ್ರ್ಯಾಕ್ಟರ್ ನಿಲ್ಲಿಸಿ ನೋಡುವವರಿದ್ದಾರೆ. ಅವರ ಮಕ್ಕಳು ಮರುವಾರ ನೆಟ್ಸ್‌ಗೆ ಬರುತ್ತಾರೆ.

ತಿಕೋಟಾ ಮತ್ತು ಬಬಲೇಶ್ವರದ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ತಾಲ್ಲೂಕು ಕೇಂದ್ರ ಬೆಳೆಯುತ್ತಿದೆ, ಕಚೇರಿ, ಕಟ್ಟಡಗಳು ಬರಲಿ. ಆದರೆ ಪ್ಲಾಟು ಬೀಳುವ ಮೊದಲು ಆಟಕ್ಕೆಂದು ಒಂದು ದುಂಡನೆಯ ಮೈದಾನವನ್ನು ಕಾಯ್ದಿಡಿ, ಅದರ ನಡುವೆ ಇಪ್ಪತ್ತೆರಡು ಗಜದ ಒಂದು ಟರ್ಫ್ ಪಿಚ್ ಮಾಡಿಸಿಕೊಡಿ. ರೋಲರ್ ಎಳೆಯಲು ನಮ್ಮ ಹುಡುಗರಿದ್ದಾರೆ.