ಸೊಪ್ಪಿನ ತೋಟದ ನೀರಿನ ಪರೀಕ್ಷೆ: ಹೊಳೆಯುವ ವಸ್ತುವಿನ ನೆರವು

ತಿಳಿಯಾಗಿ ಕಾಣುವ ನೀರೆಲ್ಲ ಶುದ್ಧವಾದ ನೀರಲ್ಲ. ಒಂದು ಲೋಟ ನೀರಿನಲ್ಲಿ ಸಾವಿರಾರು ಸೂಕ್ಷ್ಮಾಣುಗಳಿದ್ದರೂ ಅದರ ಬಣ್ಣ, ವಾಸನೆ ಬದಲಾಗುವುದಿಲ್ಲ. ಈ ಮಾತನ್ನು ಪಟ್ಟಣದ ಅಂಚಿನಲ್ಲಿ ಬೇಸಾಯ ಮಾಡುವವರು ಮುಖ್ಯವಾಗಿ ನೆನಪಿಡಬೇಕು.

ಬೆಂಗಳೂರಿನ ಪೂರ್ವಕ್ಕೆ, ವೈಟ್‌ಫೀಲ್ಡ್ ಬಳಿಯ ಪಟ್ಟಂದೂರು ಅಗ್ರಹಾರವನ್ನೇ ನೋಡಿ. 1990ರ ದಶಕದಲ್ಲಿ ಇಲ್ಲಿ ಐ.ಟಿ. ಪಾರ್ಕ್ ತಲೆಯೆತ್ತಿತು. ಊರ ಕೆರೆಯ ಸುತ್ತ ಈಗ ಕಟ್ಟಡಗಳಿವೆ. ಇಂಥ ಊರುಗಳಲ್ಲಿ ಚರಂಡಿಯ ನೀರು ಸೋರಿ ಕೆರೆಗೂ ಬಾವಿಗೂ ಸೇರುವ ಸಂಭವವಿರುತ್ತದೆ. ಅದೇ ನೀರು ಕೊತ್ತಂಬರಿ, ಪುದೀನ, ಮೂಲಂಗಿಯ ಮೇಲೆ ಬಿದ್ದರೆ ಬೇಯಿಸದೆ ತಿನ್ನುವವರಿಗೆ ಭೇದಿ, ವಿಷಮಶೀತ ಜ್ವರ ತಗಲಬಹುದು. ತೋಟದಲ್ಲಿ ದುಡಿಯುವವರೂ ಇದಕ್ಕೆ ಹೊರತಲ್ಲ.

ಹೊಳಪು ಎಂದರೇನು?

ಬ್ಯಾಂಕಿನಲ್ಲಿ ನೋಟನ್ನು ಪರೀಕ್ಷಿಸುವ ದೀಪವನ್ನು ನೀವು ನೋಡಿರಬಹುದು. ಅದರಿಂದ ಹೊರಡುವ ನೇರಳಾತೀತ ಕಿರಣ ನಮ್ಮ ಕಣ್ಣಿಗೆ ಕಾಣದು. ಆದರೆ ಅದು ಬಿದ್ದೊಡನೆ ನೋಟಿನ ಅಂಕಿಗಳು ಹೊಳೆಯುತ್ತವೆ. ಕಾಣದ ಕಿರಣವನ್ನು ಹೀರಿ, ಕಾಣುವ ಬೆಳಕಾಗಿ ಹೊರಬಿಡುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇಂಗ್ಲೆಂಡಿನ ವಿಜ್ಞಾನಿ ಸ್ಟೋಕ್ಸ್ 1852ರಲ್ಲಿ ಇದನ್ನು ವಿವರಿಸಿದನು.

ಪರೀಕ್ಷೆಯ ತತ್ವ

ಮನುಷ್ಯರ ಮತ್ತು ದನಕರುಗಳ ಕರುಳಿನಲ್ಲಿ ಈ-ಕೋಲೈ ಎಂಬ ಸೂಕ್ಷ್ಮಾಣು ವಾಸಿಸುತ್ತದೆ. ನೀರಿನಲ್ಲಿ ಅದು ಕಂಡರೆ ಮಲ ಸೇರಿದೆ ಎಂದರ್ಥ. ಮಲ ಸೇರಿದ ಮೇಲೆ ರೋಗಾಣುಗಳೂ ಬಂದಿರಬಹುದು.

ಈ ಸೂಕ್ಷ್ಮಾಣು ಗ್ಲುಕುರೊನಿಡೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಕಿಣ್ವವೆಂದರೆ ಕೆಲಸ ಮಾಡುವ ಸಸಾರಜನಕ. ಪರೀಕ್ಷೆಗೆ ಬಳಸುವ ಪುಡಿಯಲ್ಲಿ ಹೊಳೆಯುವ ವಸ್ತುವೊಂದನ್ನು ಸಕ್ಕರೆಯಂಥ ಅಣುವಿಗೆ ಬೆಸೆದಿರುತ್ತಾರೆ. ಬೆಸುಗೆ ಇರುವವರೆಗೆ ಅದು ಹೊಳೆಯದು. ಕಿಣ್ವವು ಬೆಸುಗೆಯನ್ನು ಕತ್ತರಿಸಿದರೆ ಬಿಡುಗಡೆಯಾದ ವಸ್ತು ನೇರಳಾತೀತ ದೀಪದಡಿ ನೀಲಿಯಾಗಿ ಬೆಳಗುತ್ತದೆ. ಬೀಗ ಹಾಕಿದ ದೀಪಕ್ಕೆ ಕೀಲಿಕೈ ಸಿಕ್ಕಂತೆ! ಅಮೆರಿಕದ ಫೆಂಗ್ ಮತ್ತು ಹಾರ್ಟ್‌ಮನ್ ಈ ವಿಧಾನವನ್ನು 1982ರಲ್ಲಿ ಪ್ರಕಟಿಸಿದರು.

100 ಮಿ.ಲೀ. ನೀರಿಗೆ ಪುಡಿ ಬೆರೆಸಿ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 24 ಗಂಟೆ ಇಡುತ್ತಾರೆ. ಜೀವಂತ ಸೂಕ್ಷ್ಮಾಣುಗಳು ಬೆಳೆದು ಕಿಣ್ವವನ್ನು ಹೆಚ್ಚಿಸುತ್ತವೆ. ಸತ್ತವು ಬೆಳೆಯಲಾರವು, ಆದ್ದರಿಂದ ಹೊಳಪೂ ಬಾರದು. ಸಸ್ಯ ವಿಜ್ಞಾನಿಗಳು ಪರಾಗದ ಜೀವಂತಿಕೆಯನ್ನು ನೋಡುವುದೂ ಇಂಥದೇ ತತ್ವದಿಂದ. ಫ್ಲೋರೆಸೀನ್ ಡೈಅಸಿಟೇಟ್ ಎಂಬ ವಸ್ತುವನ್ನು ಜೀವಕೋಶದೊಳಗಿನ ಕಿಣ್ವ ಒಡೆದಾಗ ಜೀವವಿರುವ ಪರಾಗ ಮಾತ್ರ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಬೆಳಗುತ್ತದೆ.

ಮಾದರಿ ತೆಗೆಯುವ ಕ್ರಮ

1. ಕ್ರಿಮಿಶುದ್ಧ ಮಾಡಿದ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯಿರಿ. ಅದನ್ನು ತೊಳೆಯಕೂಡದು.
2. ಕೊಳವೆ ಬಾವಿಯಾದರೆ 2–3 ನಿಮಿಷ ನೀರನ್ನು ಹರಿಯಬಿಟ್ಟು ಅನಂತರ ಹಿಡಿಯಿರಿ.
3. ಕೆರೆಯಾದರೆ ಬಾಟಲಿಯ ಬಾಯಿ ಕೆಳಗೆ ಮಾಡಿ, ಸುಮಾರು 20–30 ಸೆಂ.ಮೀ. ಆಳಕ್ಕೆ ಮುಳುಗಿಸಿ, ಅಲ್ಲಿ ತಿರುಗಿಸಿ ತುಂಬಿರಿ.
4. ಮುಚ್ಚಳದ ಒಳಭಾಗವನ್ನು ಬೆರಳಿನಿಂದ ಮುಟ್ಟಬೇಡಿ.
5. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ 6 ಗಂಟೆಯೊಳಗೆ ತಲಪಿಸಿರಿ.

ಫಲಿತಾಂಶ ಬಂದ ಮೇಲೆ

ಕುಡಿಯುವ ನೀರಾದರೆ 100 ಮಿ.ಲೀ.ನಲ್ಲಿ ಈ-ಕೋಲೈ ಒಂದೂ ಇರಕೂಡದೆಂದು ಭಾರತೀಯ ಮಾನಕ 10500 ವಿಧಿಸುತ್ತದೆ. ಹೊಳಪು ಕಂಡರೆ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ. ತೆರೆದ ಬಾವಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಬೆರೆಸಿ, ಒಂದು ಗಂಟೆ ಬಿಟ್ಟು ಬಳಸಿರಿ. ಕೊಳಕು ಎಲ್ಲಿಂದ ಸೇರುತ್ತಿದೆ ಎಂದು ಹುಡುಕಿ ತಡೆಯದಿದ್ದರೆ ಈ ಉಪಚಾರ ತಾತ್ಕಾಲಿಕವೇ ಸರಿ.

ನೀರಾವರಿಗೆ ಮಿತಿ ಬೇರೆ. ಹಸಿಯಾಗಿ ತಿನ್ನುವ ಬೆಳೆಗಳಿಗೆ 100 ಮಿ.ಲೀ.ಗೆ 1,000ಕ್ಕೆ ಮೀರದಷ್ಟು ಮಲಜನ್ಯ ಸೂಕ್ಷ್ಮಾಣುಗಳಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಸೂಚಿಸಿತ್ತು. 2006ರ ಅದರ ಮಾರ್ಗಸೂಚಿಯು ನೀರು ಹಾಯಿಸುವ ರೀತಿ, ಕಟಾವು, ತೊಳೆಯುವಿಕೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಎಣಿಕೆಯನ್ನೂ ಕೇಳಿ ಪಡೆಯಿರಿ. ಹೊಳಪು ಕಂಡಿತೆಂದು ಬೆಳೆಯನ್ನು ಕಿತ್ತೊಗೆಯಬೇಕಿಲ್ಲ. ಹೀಗೆ ಮಾಡಿರಿ:

• ಸೊಪ್ಪಿನ ಮೇಲೆ ನೀರು ಚಿಮುಕಿಸದೆ ಸಾಲಿನಲ್ಲಿ ಹಾಯಿಸಿರಿ. ಹನಿ ನೀರಾವರಿ ಇನ್ನೂ ಉತ್ತಮ.
• ಕಟಾವಿಗೆ ಕೆಲವು ದಿನ ಮೊದಲೇ ಈ ನೀರನ್ನು ನಿಲ್ಲಿಸಿರಿ. ಬಿಸಿಲಿಗೆ ಬಹುಪಾಲು ಸೂಕ್ಷ್ಮಾಣುಗಳು ಸಾಯುತ್ತವೆ.
• ಕಟ್ಟಿದ ಸೊಪ್ಪನ್ನು ಕೆರೆ ನೀರಿನಲ್ಲಿ ಅದ್ದಬೇಡಿ. ಮಾಡಿದ ಎಚ್ಚರಿಕೆಯೆಲ್ಲ ಅಲ್ಲೇ ವ್ಯರ್ಥವಾದೀತು.
• ನೀರು ತೀರ ಕೆಟ್ಟಿದ್ದರೆ ಹೂವು, ಮೇವು ಅಥವಾ ಬೇಯಿಸಿ ತಿನ್ನುವ ಬೆಳೆಗೆ ಬದಲಾಯಿಸಿರಿ.

ಪರೀಕ್ಷೆಯ ಮಿತಿ

ಕೆಲವು ಈ-ಕೋಲೈ ತಳಿಗಳು ಈ ಕಿಣ್ವದ ಗುರುತು ತೋರಿಸುವುದಿಲ್ಲ. ಅವುಗಳಲ್ಲಿ ಒ157 ಎಂಬ ಅಪಾಯಕಾರಿ ತಳಿಯೂ ಒಂದು. ಕಾರ್ಖಾನೆಯ ಸೀಸ, ಕ್ರೋಮಿಯಂ, ಚರಂಡಿಯ ನೈಟ್ರೇಟ್ ಕೂಡ ಇದರಲ್ಲಿ ಕಾಣವು. ಪೀಣ್ಯ, ವೈಟ್‌ಫೀಲ್ಡ್ ಸುತ್ತಿನವರು ಅವುಗಳಿಗೆ ಬೇರೆ ಪರೀಕ್ಷೆ ಮಾಡಿಸತಕ್ಕದ್ದು. ಇನ್ನೊಂದು ಎಚ್ಚರಿಕೆ: ಪರೀಕ್ಷೆ ಮುಗಿದ ಬಾಟಲಿಯಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳಿರುತ್ತವೆ, ಆದ್ದರಿಂದ ಇದನ್ನು ಮನೆಯಲ್ಲಿ ಮಾಡದೆ ಪ್ರಯೋಗಾಲಯಕ್ಕೇ ಬಿಡಿ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೀರನ್ನು ಪರೀಕ್ಷಿಸಿರಿ. ಮಣ್ಣಿನ ಪರೀಕ್ಷೆಯಷ್ಟೇ ಇದೂ ಬೇಸಾಯದ ಕೆಲಸವೆಂದು ತಿಳಿಯಿರಿ.